ಆಯುಧ ಪೂಜೆಗೆ ಇಟ್ಟ ಕ್ಯಾಮೆರಾ

ನಮ್ಮವ್ವನಿಗೆ ಅವಳ ಅವ್ವನ ಮುಖ ನೆನಪಿರಲಿಲ್ಲ. ಅಜ್ಜಿ ಹೋದಾಗ ಅವ್ವ ಇನ್ನೂ ಚಿಕ್ಕವಳು, ಅವಳ ತಮ್ಮ, ಅಂದರೆ ನಮ್ಮ ಮಾವ, ತೊಟ್ಟಿಲಲ್ಲಿದ್ದ. ಮನೆಯಲ್ಲಿ ಫೋಟೋ ಅಂತ ಇದ್ದದ್ದು ದೇವರದು ಮಾತ್ರ. "ಮೂಗುಬಟ್ಟು ನೆನಪೈತೆ, ಬಳೆ ಸದ್ದು ನೆನಪೈತೆ. ಮಕ ಮಾತ್ರ ಬರಾದೇ ಇಲ್ಲ ನೋಡು" ಎಂದು ಅವ್ವ ರಾಟೆಯ ಮುಂದೆ ಕೂತು ಹೇಳುತ್ತಿದ್ದಳು. ಹೇಳುವಾಗ ರಾಟೆ ನಿಲ್ಲಿಸುತ್ತಿರಲಿಲ್ಲ. ನಾವು ಮೊಳಕಾಲ್ಮೂರಿನ ನೇಕಾರರು. ಅಪ್ಪ ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದ, ಅವ್ವ ಅವನಿಗೆ ನೂಲು ಸುತ್ತಿಕೊಡುತ್ತಿದ್ದಳು.

ಮಾವ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅವನು ಬಸ್ಸಿಳಿದು ನಮ್ಮ ಓಣಿಗೆ ತಿರುಗಿದರೆ ಮೊದಲು ಕಡಲೆಕಾಯಿ ಎಣ್ಣೆಯ ವಾಸನೆ ಬರುತ್ತಿತ್ತು, ಆಮೇಲೆ ಅವನು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಲ ಪೇಪರಿನಲ್ಲಿ ಸುತ್ತಿದ ಪೊಟ್ಟಣ ತಂದು ಅವ್ವನ ಮಡಿಲಿಗೆ ಹಾಕಿದ.

"ಅಕ್ಕಾ, ಕ್ಯಾಮೆರಾ! ಇನ್ನ ಈ ಮನ್ಯಾಗೆ ಯಾರ ಮಕನೂ ಯಾರೂ ಮರ್ಯಂಗಿಲ್ಲ."

ಸೀಟಿ, ಬಲೂನು, ಗಿಲಕಿ ತೂಗುಹಾಕಿದ ಅಂಗಡಿಯಲ್ಲಿ ಕೊಂಡ ಪ್ಲಾಸ್ಟಿಕ್ ಕ್ಯಾಮೆರಾ ಅದು. ದೊಡ್ಡ ಕಂಪನಿಯ ಹೆಸರಿನ ಹಾಗೆಯೇ ಕಾಣುವ, ಆದರೆ ಒಂದಕ್ಷರ ಬೇರೆ ಇರುವ ಹೆಸರು ಅದರ ಹಣೆಯ ಮೇಲಿತ್ತು. ಫ್ಲ್ಯಾಷ್ ಇರಬೇಕಾದ ಕಡೆ ಗಾಜಿನಂಥ ಕಿಟಕಿ, ಅದರ ಹಿಂದೆ ಬೇಗಡೆ ಕಾಗದ. ಸೂರ್ಯ, ಮೋಡದ ಚಿತ್ರ ಬರೆದ ಒಂದು ತಿರುಪು. ಎತ್ತ ತಿರುಗಿಸಿದರೂ ಒಳಗೆ ಏನೂ ಆಗುತ್ತಿರಲಿಲ್ಲ. ಆದರೂ ಅದಕ್ಕೆ ನಿಜವಾದ ರೀಲು ಹಿಡಿಸುತ್ತಿತ್ತು, ಗುಂಡಿ ಒತ್ತಿದರೆ ಟಿಕ್ ಎನ್ನುತ್ತಿತ್ತು. ಕೈಯಲ್ಲಿ ಹಿಡಿದರೆ ತೂಕವೂ ಇತ್ತು. ಆ ತೂಕ ನೋಡಿಯೇ ನಾವು ನಂಬಿದ್ದು.

ಮಾವ ಕಂಬಳಿ ಹೊದ್ದುಕೊಂಡು, ಕಂಬಳಿಯೊಳಗೇ ತಡಕಾಡಿ ರೀಲು ಹಾಕಿದ. ಬೆವರಿ ಹೊರಗೆ ಬಂದು ನನಗೆ ಪಾಠ ಹೇಳಿದ. ಬಿಸಿಲು ಬೆನ್ನಿಗಿರಬೇಕು. ಒಳಗೆ, ಮಗ್ಗದ ಕತ್ತಲಲ್ಲಿ ಹಿಡಿಯಬಾರದು. ಮೇಲಿನ ಕಿಂಡಿಯಲ್ಲಿ ನೋಡಿ ಮುಖವನ್ನು ಸರಿಯಾಗಿ ನಡುವಿಗೆ ತಂದುಕೊಂಡು ಒತ್ತಬೇಕು. ರೀಲು ಪೂರ್ತಿ ಮುಗಿಯುವ ತನಕ ತೊಳೆಯಲು ಕೊಡಬಾರದು, ದಂಡ. ನಾನು ಇಷ್ಟನ್ನೂ ಚಾಚೂ ತಪ್ಪದೆ ಪಾಲಿಸಿದೆ.

ಆ ವಾರವೇ ಆಯುಧ ಪೂಜೆ ಬಂತು. ಮಗ್ಗ ತೊಳೆದು, ಲಾಳಿ, ಕತ್ತರಿ, ಅಪ್ಪನ ಸೈಕಲ್ಲು ಎಲ್ಲಕ್ಕೂ ಹೂವಿಟ್ಟ ಮೇಲೆ ಅವ್ವ ಕ್ಯಾಮೆರಾವನ್ನೂ ತಂದು ಮಣೆಯ ಮೇಲೆ ಕೂರಿಸಿದಳು.

"ಅದ್ಯಾವ ಆಯುಧನೇ? ಆಟದ ಸಾಮಾನು" ಎಂದು ಅಪ್ಪ ನಕ್ಕ.

"ನಿನ್ನ ಲಾಳಿ ಸೀರೆ ಮಾಡ್ತೈತೆ. ಇದು ಮನುಷರ್ನ ಉಳಿಸ್ತೈತೆ. ಯಾವ್ದು ದೊಡ್ಡದು ನೀನೇ ಹೇಳು" ಎಂದಳು ಅವ್ವ. ಅವ್ವ ಗಂಧ ತೇದು ಕ್ಯಾಮೆರಾದ ಕಣ್ಣಿಗೆ ಹಚ್ಚಿದಳು. ಅದರ ಮೇಲೆ ಕುಂಕುಮ ಇಟ್ಟಳು, ಹಣೆಗೆ ಇಡುವ ಹಾಗೆ, ನಟ್ಟನಡುವೆ.

ಮರುದಿನ ನಾನು ಒರಸಲು ಹೋದರೆ ಕೈ ಮೇಲೆ ಒಂದು ಬಿತ್ತು. "ಪೂಜೆ ಮಾಡಿದ ಕುಂಕುಮ ಒರಸ್ತಾರೇನೇ? ತಾನಾಗೇ ಉದುರ್ಬೇಕು." ನಮ್ಮ ಕಡೆ ಹಾಗೆಯೇ. ಲಾರಿಯ ಗಾಜಿಗಿಟ್ಟ ಕುಂಕುಮ ಮಳೆ ಬಂದು ತೊಳೆಯುವ ತನಕ ಇರುತ್ತದೆ, ಮಗ್ಗಕ್ಕಿಟ್ಟದ್ದು ಮುಂದಿನ ಪೂಜೆಯ ತನಕ. ನಾನು ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದೆ. ಓಣಿ, ಬೇವಿನ ಮರ, ಅವ್ವ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಮಾವನೂ ನೋಡಿ ತಲೆಯಾಡಿಸಿದ. ನಾವು ನೋಡುವ ಕಿಂಡಿಯೇ ಬೇರೆ, ಚಿತ್ರ ಒಳಗೆ ಹೋಗುವ ದಾರಿಯೇ ಬೇರೆ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ರೀಲನ್ನು ನಾವು ತುಪ್ಪ ಬಡಿಸುವ ಹಾಗೆ ಖರ್ಚು ಮಾಡಿದೆವು. ಪಕ್ಕದ ಮನೆಯವರು ಕರುವಿನ ಫೋಟೋ ಹಿಡಿ ಎಂದರೆ ಅವ್ವ ಮುಖದ ಮೇಲೆ ಹೊಡೆದ ಹಾಗೆ ಇಲ್ಲ ಎಂದಳು. ಹೆಚ್ಚಿನವು ಅವ್ವನವೇ. ರಾಟೆಯನ್ನು ಅಂಗಳಕ್ಕೆ ತಂದಿಟ್ಟು ಒಂದು. ಮಾವನ ಜೊತೆ ಕಟ್ಟೆಯ ಮೇಲೆ ಕೂತು ಒಂದು. ಇನ್ನೊಂದನ್ನು ನಾನು ಸಾಯುವ ತನಕ ಮರೆಯಲಾರೆ. ಅಪ್ಪ ಒಂದು ಮದುವೆ ಸೀರೆ ಮುಗಿಸಿದ್ದ. ಮರುದಿನ ಅದು ರೇಷ್ಮೆ ಕೊಟ್ಟು ನೇಯಿಸುವ ಮಾಲೀಕರ ಮನೆಗೆ ಹೋಗಬೇಕಿತ್ತು. ಅಪ್ಪ ನೇಯ್ದ ಒಂದು ಸೀರೆಯನ್ನೂ ಅವ್ವ ಉಟ್ಟವಳಲ್ಲ. ಆ ಬೆಳಿಗ್ಗೆ ಅಪ್ಪ ಯಾರಿಗೂ ಹೇಳದೆ ಸೀರೆಯ ಮಡಿಕೆ ಬಿಚ್ಚಿ, ಅವಳ ಹೆಗಲ ಮೇಲೆ ಸೆರಗು ಹರಡಿ, "ಬೇಗ ಹಿಡಿಯೇ" ಎಂದ. ಅವ್ವನಿಗೆ ನಾಚಿಕೆಯೂ ಭಯವೂ ಒಟ್ಟಿಗೆ. ನಾನು ಮುಖ ನಡುವಿಗೆ ತಂದುಕೊಂಡು ಟಿಕ್ ಎನ್ನಿಸಿದೆ.

ಆಮೇಲೆ ಅವ್ವನಿಗೆ ಹೊಟ್ಟೆನೋವು ಶುರುವಾಯಿತು. ವೋಟಿನ ಕಾರ್ಡಿಗೆ ಫೋಟೋ ಹಿಡಿಯುವವರು ಸ್ಕೂಲಿಗೆ ಬಂದಿದ್ದ ದಿನವೂ ಅವಳು ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು, ಹೋಗಲಿಲ್ಲ. ಚಿತ್ರದುರ್ಗದ ಡಾಕ್ಟರು ಅಪ್ಪನನ್ನು ಮಾತ್ರ ಒಳಗೆ ಕರೆದು ಮಾತಾಡಿದರು. ಅಪ್ಪ ಹೊರಗೆ ಬಂದು ಅವ್ವನಿಗೆ ಎಳನೀರು ಕೊಡಿಸಿದ. ಅವಳು ಕೇಳದೆಯೇ ಅವನು ಏನಾದರೂ ಕೊಡಿಸಿದ್ದು ಅದೇ ಮೊದಲು. ಅವ್ವನಿಗೆ ಅಷ್ಟರಲ್ಲೇ ಎಲ್ಲ ಗೊತ್ತಾಯಿತು ಅನ್ನಿಸುತ್ತದೆ.

ಸ್ಟುಡಿಯೋಕ್ಕೆ ಹೋಗಿ ಒಂದು ಫೋಟೋ ತೆಗೆಸೋಣ ಎಂದು ನಾನು ಹೇಳಿದೆ. ಅವ್ವನೇ ಬೇಡ ಎಂದಳು. "ಮನ್ಯಾಗೇ ಕ್ಯಾಮೆರಾ ಐತಲ್ಲೇ. ಅಲ್ಲಿಗ್ಯಾಕೆ ಹೋಗ್ಬೇಕು?" ಈ ಮಾತು ನೆನಪಾದಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ. ಆ ಹಾಳು ಪ್ಲಾಸ್ಟಿಕ್ ಡಬ್ಬಿ ನಮ್ಮ ಮನೆಗೆ ಬರದೇ ಇದ್ದಿದ್ದರೆ ನಾವು ಸ್ಟುಡಿಯೋಕ್ಕೆ ಹೋಗುತ್ತಿದ್ದೆವು.

ಕೊನೆಯ ಫೋಟೋ ಅವಳೇ ಕೇಳಿ ಹಿಡಿಸಿಕೊಂಡದ್ದು. ತಲೆ ಬಾಚಿಸಿಕೊಂಡಳು. ಅಪ್ಪನೂ ನಾನೂ ಮಂಚವನ್ನು ಎತ್ತಿ ಬಿಸಿಲಿಗೆ ತಂದೆವು. ಕೂರಲು ಆಗದಿದ್ದರೂ ಕೂತಳು, ನಕ್ಕಳು.

"ಹಿಡಿದ್ಯಾ?"

"ಹಿಡ್ದೆ ಕಣವ್ವ."

"ಮಕ ಬಂತಾ?"

"ಬಂತು."

"ಹಂಗಾರೆ ಸಾಕು ಬಿಡು" ಎಂದು ಮಲಗಿದಳು. ಆಮೇಲೆ ಹೆಚ್ಚು ದಿನ ಇರಲಿಲ್ಲ.

ರೀಲಿನಲ್ಲಿ ಇನ್ನೂ ಕೆಲವು ಉಳಿದಿದ್ದವು. ಮಾವನ ಜೊತೆ ಚಳ್ಳಕೆರೆಗೆ ಹೋಗುವಾಗ ಬಸ್ಸಿನ ಕಿಟಕಿ, ಮಾರ್ಕೆಟ್ಟಿನಲ್ಲಿ ಸುರಿದ ಕಡಲೆಕಾಯಿ ರಾಶಿ, ಹೀಗೆ ಕಂಡಕಂಡದ್ದಕ್ಕೆಲ್ಲ ಟಿಕ್ ಎನ್ನಿಸಿ ಮುಗಿಸಿದೆ. ಸ್ಟುಡಿಯೋದವರು ವಾರ ಬಿಟ್ಟು ಬನ್ನಿ ಎಂದರು. ಹೋದೆವು. ಅವರು ಫೋಟೋಗಳನ್ನು ಕೊಡುವ ಮೊದಲು ನನ್ನ ಕೊರಳಲ್ಲಿದ್ದ ಕ್ಯಾಮೆರಾ ಕೇಳಿ ಇಸಕೊಂಡು, ಅದರ ಕಣ್ಣನ್ನು ಉಗುರಿನಿಂದ ಕೆರೆದರು. ಒಣಗಿದ ಗಂಧ ಚಕ್ಕೆಯಾಗಿ ಉದುರಿತು.

"ಲೆನ್ಸಿಗೆ ಬೊಟ್ಟಿಟ್ಟಿದ್ದೀರಲ್ಲಮ್ಮಾ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎಲ್ಲ ಫೋಟೋದಲ್ಲೂ ಅಂಚು ಇತ್ತು, ನಡು ಇರಲಿಲ್ಲ. ಬೇವಿನ ಮರ ಇತ್ತು, ಮಂಚದ ಕಾಲು ಇತ್ತು, ಕಟ್ಟೆಯ ಮೇಲೆ ಮಾವನ ಮೊಣಕಾಲು ಇತ್ತು. ಅಪ್ಪ ನೇಯ್ದ ಸೆರಗಿನ ಜರಿ ತುದಿಯಲ್ಲಿ ಹೊಳೆಯುತ್ತಿತ್ತು. ಮುಖ ಇರಬೇಕಾದಲ್ಲಿ ಮಣ್ಣು ಕಲಸಿದ ನೀರಿನಂಥ ಒಂದು ಕೆಂಪು ಮಬ್ಬು. ನಾನು ಕಲಿತ ಹಾಗೆಯೇ ಪ್ರತಿಸಲವೂ ಮುಖವನ್ನು ಸರಿಯಾಗಿ ನಡುವಿಗೆ ತಂದಿದ್ದೆ. ಮಾವ ಒಂದೊಂದನ್ನೇ ನೋಡಿದ. ಹೊರಗೆ ಬಂದು ಕ್ಯಾಮೆರಾವನ್ನು ರಸ್ತೆಗೆ ಅಪ್ಪಳಿಸಿದ. ಅದು ಒಡೆದು, ಒಳಗಿಂದ ಒಂದು ಕಬ್ಬಿಣದ ತುಂಡು ಉರುಳಿ ಬಂತು. ಯಾವುದಕ್ಕೂ ಅಂಟದ, ಯಾವ ಕೆಲಸಕ್ಕೂ ಇಲ್ಲದ ತುಂಡು. ತೂಕ ಬರಲಿ ಎಂದು ಹಾಕಿದ್ದರು. ಮಾವ ಅದನ್ನು ಕೈಯಲ್ಲಿ ಹಿಡಿದುಕೊಂಡು ಅಂಗಡಿ ಮೆಟ್ಟಿಲ ಮೇಲೆ ಕೂತು ಅತ್ತ.

ಅಪ್ಪ ಅಳಲಿಲ್ಲ. ಸೀರೆಯ ಫೋಟೋ ಆರಿಸಿ ಕಟ್ಟು ಹಾಕಿಸಿಕೊಂಡು ಬಂದ. ಓಣಿಯವರು ಇದೇನು ಫೋಟೋ ಎಂದು ಬೆನ್ನ ಹಿಂದೆ ಆಡಿಕೊಂಡರು. ಮುತ್ತೈದೆಯಾಗಿ ಹೋದವಳ ಫೋಟೋಕ್ಕೆ ಕುಂಕುಮ ಇಡಬೇಕಲ್ಲ, ಹಬ್ಬ ಬಂದಾಗ, ಅಮಾವಾಸ್ಯೆ ಬಂದಾಗ ಅಪ್ಪನೇ ಇಡುತ್ತಿದ್ದ. ಆ ಕೆಂಪು ಮಬ್ಬಿನಲ್ಲಿ ಹಣೆ ಎಲ್ಲಿದೆ ಎಂದು ಅವನು ಒಂದು ದಿನವೂ ತಡವರಿಸಿದ್ದು ನಾನು ಕಾಣೆ. ನೇರವಾಗಿ ಕೈ ಹೋಗುತ್ತಿತ್ತು. ಗಾಜಿನ ಮೇಲೆ ಅದೇ ಜಾಗದಲ್ಲಿ ಕಲೆ ಬಿದ್ದಿತ್ತು.

ಅಪ್ಪ ಹೋದ ಮೇಲೆ ಫೋಟೋವನ್ನು ನಾನು ಚಳ್ಳಕೆರೆಯ ನನ್ನ ಮನೆಗೆ ತಂದೆ. ಅಪ್ಪ ಇಟ್ಟ ಕಲೆಯ ಮೇಲೆಯೇ ಕುಂಕುಮ ಇಡುತ್ತಿದ್ದೆ, ಯೋಚನೆ ಇರಲಿಲ್ಲ. ಒಂದು ದಸರೆಗೆ ಸುಣ್ಣ ಹೊಡೆಯಲು ಬಂದವರು ಗಾಜಿನ ಮೇಲೆ ಸಿಡಿದದ್ದನ್ನು ಒರಸಿ, ಒಳ್ಳೆಯ ಮನಸ್ಸಿನಿಂದ, ಪೂರಾ ತೊಳೆದು ಒಣಗಿಸಿ ಇಟ್ಟು ಹೋಗಿದ್ದರು. ಗಾಜು ಫಳಫಳ ಹೊಳೆಯುತ್ತಿತ್ತು. ಬೆರಳಿಗೆ ಕುಂಕುಮ ತೆಗೆದುಕೊಂಡು ನಿಂತೆ. ಕಣ್ಣು ಮುಚ್ಚಿದೆ. ಅವ್ವನ ಮೂಗುಬಟ್ಟು ಬಂತು, ಬಳೆ ಸದ್ದು ಬಂತು. ಮುಖ ಬರಲಿಲ್ಲ.

ಹಬ್ಬದ ಊಟಕ್ಕೆ ಬಂದಿದ್ದ ಮಾವನನ್ನು ಕರೆದು ಹಣೆ ಎಲ್ಲಿ ಎಂದು ಕೇಳಿದೆ. ಅವನು ಗಾಜಿನ ಮೇಲೆ ಬೆರಳಿಟ್ಟ, ಸ್ವಲ್ಪ ಮೇಲಕ್ಕೆ ಸರಿಸಿದ, ಆಮೇಲೆ ತೆಗೆದುಬಿಟ್ಟ. "ನಂಗೂ ತಿಳಿಯಂಗಿಲ್ಲ ಕಣಮ್ಮಾ" ಎಂದ.

ಕುಂಕುಮವನ್ನು ಕಟ್ಟಿನ ಮರಕ್ಕೆ ಹಚ್ಚಿ ಅಡುಗೆಮನೆಗೆ ಹೋದೆ. ಈಗಲೂ ಅಲ್ಲೇ ಇಡುತ್ತೇನೆ.