ನಾಗರಾಜನ ಕೆಳಗೆ ಅಂಗಾತ

ಕುತ್ತಿಗೆಯ ನರ ಒತ್ತಿಕೊಂಡು ಬಲಗೈ ಜೋಮು ಹಿಡಿದ ಮೇಲೆ ನಾನೂ ಫಿಜಿಯೋಥೆರಪಿಗೆ ಹೋಗುತ್ತಿದ್ದೇನೆ. ಮೊದಲ ದಿನವೇ ಅಲ್ಲಿನ ತರುಣ ನನ್ನ ತಲೆಯಡಿಯ ದಿಂಬನ್ನು ತೆಗೆದುಬಿಟ್ಟ. ಅಂಗಾತ ಮಲಗಿದವನಿಗೆ ಕಂಡದ್ದು ಸುಣ್ಣ ಬಳಿದ ಛಾವಣಿ, ಒಂದು ಫ್ಯಾನು. ಆಗ ನೆನಪಾದವರು ಮಾಬುಸಾಬ ಕಾಕಾ.

ಎಪ್ಪತ್ತರ ದಶಕದ ಕೊನೆಯ ಮಾತು. ಬಾದಾಮಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಗುಹೆಗಳ ಗೈಡು. ಮೊದಲ ಗುಹೆಯ ಛಾವಣಿಯಲ್ಲಿ ಸುರುಳಿ ಸುತ್ತಿ ಕುಳಿತ ಕಲ್ಲಿನ ನಾಗರಾಜನನ್ನು ನೀವೂ ನೋಡಿರಬಹುದು. ದಿನವಿಡೀ ತಲೆ ಹಿಂದಕ್ಕೆ ಚೆಲ್ಲಿ, ಕೈಯೆತ್ತಿ ಅವನನ್ನು ತೋರಿಸುವುದೇ ಕಾಕಾನ ಅನ್ನ. ಒಂದು ಬೇಸಿಗೆಯಲ್ಲಿ ಅವರ ಕುತ್ತಿಗೆಯಿಂದ ಬೆರಳ ತುದಿಗೆ ಬೆಂಕಿಯಂಥ ನೋವು ಇಳಿಯತೊಡಗಿತು. ಚಹಾದ ಕಪ್ಪು ಕೈಯಲ್ಲಿ ನಿಲ್ಲದಾಯಿತು.

ಕಾಲೇಜಿನ ರಜೆಯಲ್ಲಿದ್ದ ನಾನೇ ಬಾಗಲಕೋಟೆಗೆ ಕರೆದೊಯ್ದೆ. ಡಾಕ್ಟರು ಕುತ್ತಿಗೆಗೆ ಇಂಜೆಕ್ಷನ್ ಕೊಟ್ಟರು, ಗದ್ದಕ್ಕೆ ಪಟ್ಟಿ ಕಟ್ಟಿ, ತೂಕ ಇಳಿಬಿಟ್ಟು ಎಳೆಸಿದರು, ವ್ಯಾಯಾಮ ಕಲಿಸಿದರು.

"ದಿಂಬಿಲ್ದ ನೆಲದ ಮ್ಯಾಲೆ ಮಲಗ್ರಿ. ನಿಂತು ಮ್ಯಾಲೆ ನೋಡೂದು ಮಾತ್ರ ಬಿಡ್ರಿ."

"ಮ್ಯಾಲೆ ನೋಡೂದ ನನ್ನ ದಂಧೆ ಐತ್ರಿ ಸಾಹೇಬ್ರ," ಎಂದರು ಕಾಕಾ.

ಡಾಕ್ಟರ ಬಳಿ ಅದಕ್ಕೆ ಇಂಜೆಕ್ಷನ್ ಇರಲಿಲ್ಲ.

ನೋವು ಅರ್ಧ ಇಳಿಯಿತು, ಜೋಮು ಉಳಿಯಿತು. ಗೈಡಿನ ಕೆಲಸ ಬಿಟ್ಟು ಬೀಡಿ ಅಂಗಡಿ ಇಡಿ ಎಂದರು ಮನೆಯವರು. ಕಾಕಾ ಮಾತ್ರ ಒಂದು ಬೆಳಿಗ್ಗೆ ಚಾಪೆ ಕಂಕುಳಲ್ಲಿಟ್ಟು ಗುಹೆಯ ಮೆಟ್ಟಿಲು ಹತ್ತಿದರು. ನಾನೂ ಜೊತೆಗೆ ಹೋದೆ. ಹುನಗುಂದದ ವಕೀಲರೊಬ್ಬರು ಹೆಂಡತಿಯೊಡನೆ ಬಂದಿದ್ದರು. ಕಾಕಾ ನಾಗರಾಜನ ಕೆಳಗೆ ಚಾಪೆ ಹಾಸಿದರು.

"ಮಲಗ್ರಿ, ವಕೀಲ್ರ."

"ಇಲ್ಲಿ ಮಲಗೂದಾ? ನಾ ಏನ್ ಹೆಣಾ ಏನ್ರಿ?"

"ಹೆಣಕ್ಕ ಕಾಣಂಗಿಲ್ರಿ. ನಿಮಗ ಕಾಣತೈತಿ."

ವಕೀಲರ ಹೆಂಡತಿ ನಕ್ಕು ತಾವೇ ಮೊದಲು ಮಲಗಿದರು, ಗೊಣಗುತ್ತ ವಕೀಲರೂ. ಪಕ್ಕದ ಬರಿಗಲ್ಲಿನ ಮೇಲೆ ಕಾಕಾ. ಕೈಯೆತ್ತದೆ, ಬರೀ ಮಾತಿನಲ್ಲಿ ಒಂದೊಂದೇ ಸುರುಳಿ ಬಿಚ್ಚಿದರು. ಇಳಿಯುವಾಗ ನನಗೆ ಹೇಳಿದರು: "ಇಷ್ಟ್ ವರ್ಷ ಮಂದಿಗೆ ತೋರಿಸೇನಿ. ಸಾವಕಾಶ ನಾ ನೋಡಿದ್ದು ಇವತ್ತ."

ಮಲಗಲು ಒಲ್ಲದವರು ಬೇರೆ ಗೈಡನ್ನು ಹಿಡಿದರು. ಕಾಕಾನ ಕೈ ಕೊನೆಯವರೆಗೂ ಸರಿಹೋಗಲಿಲ್ಲ. ಎಂಬತ್ತರ ದಶಕದಲ್ಲಿ ಕಾಕಾ ತೀರಿಕೊಂಡಾಗ ಪಡಸಾಲೆಯಲ್ಲಿ ಅದೇ ಚಾಪೆಯ ಮೇಲೆ ಮಲಗಿಸಿದ್ದರು. ನಾನು ತಲೆಯೆತ್ತಿದೆ. ಮೇಲೆ ತೊಲೆಗಳಷ್ಟೇ ಇದ್ದವು.

ನಿನ್ನೆ ಆ ತರುಣ ತಾನಾಗಿ ದಿಂಬು ತಂದ. ಬೇಡವೆಂದೆ. ಸುಣ್ಣದ ಸಣ್ಣ ಬಿರುಕೊಂದು ಮೂಲೆಯಿಂದ ಹೊರಟು ಫ್ಯಾನಿನ ಸುತ್ತ ಸುರುಳಿ ಸುತ್ತಿತ್ತು.

"ಅಲ್ಲೇನೈತ್ರಿ ಅಜ್ಜಾರ?" ಎಂದು ಅವನೂ ಕತ್ತೆತ್ತಿದ.

"ನಿಂತು ನೋಡಬ್ಯಾಡ, ತಮ್ಮಾ," ಎಂದು ಪಕ್ಕದ ಖಾಲಿ ಹಾಸಿಗೆ ತೋರಿಸಿದೆ.