ಎಡಬಾಗಿಲ ಗಾಜು

ನಮ್ಮ ಕಾರಿನ ಎಡಗಡೆಯ ಗಾಜನ್ನು ಪೂರ್ತಿ ಏರಿಸಿದ ಮೇಲೂ ಸಂದಿನಲ್ಲಿ ಕಿರುಬೆರಳು ತೂರಿಸಿ ಹೊರಗಿನ ಬಿಸಿಲು ಎಷ್ಟಿದೆ ಎಂದು ನೋಡಬಹುದಿತ್ತು. ನಮ್ಮ ಊರು ಮಕ್ತಲದ ಬಿಸಿಲನ್ನು ಬೆರಳಿಟ್ಟು ನೋಡುವ ಅಗತ್ಯ ಯಾರಿಗೂ ಇಲ್ಲ. ಆದರೂ ಕಾರಿನ ಎಡಗಡೆ ಸೀಟಿನಲ್ಲಿ ಕೂತಾಗಲೆಲ್ಲ ನನ್ನ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತಿತ್ತು, ಅಲ್ಲಾಡುವ ಹಲ್ಲಿನ ಹತ್ತಿರ ನಾಲಗೆ ಹೋಗುವ ಹಾಗೆ.

ಮೊದಲು ಕಾರಿನ ವಿಷಯ ಒಪ್ಪಿಕೊಂಡುಬಿಡುತ್ತೇನೆ. ಅದು ಬಟ್ಟೆಯ ಮೇಲ್ಚಾವಣಿಯನ್ನು ಹಿಂದಕ್ಕೆ ಮಡಚಿಡಬಹುದಾದ ಹಳೆಯ ಕಾರು. ಎರಡೇ ಬಾಗಿಲು. ನನ್ನ ಕೈಗೆ ಬರುವ ಮುಂಚೆ ಮಹಬೂಬನಗರದ ಕಡೆ ಮದುವೆ ಮೆರವಣಿಗೆಗೆ ಹೋಗುತ್ತಿತ್ತು. ಮಕ್ತಲದ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ, 'ಸರಳ ಜೀವನ' ಎಂಬ ವಿಷಯದ ಮೇಲೆ ವರ್ಷಕ್ಕೊಮ್ಮೆಯಾದರೂ ಮಕ್ಕಳಿಂದ ಪ್ರಬಂಧ ಬರೆಸಿದವನು ನಾನು. ನಿವೃತ್ತನಾದ ಮೂರನೆಯ ತಿಂಗಳಿಗೆ ಈ ಮದುಮಗನ ಕಾರನ್ನು ಮನೆಗೆ ತಂದು ನಿಲ್ಲಿಸಿದೆ. ಯಾಕೆ ಎಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳಿದ್ದೇನೆ. ನಿಜವಾದ ಕಾರಣ ಇಷ್ಟೇ: ಮೂವತ್ತು ವರ್ಷ ಶಾಲೆಯ ಹೆಂಚಿನ ಕೆಳಗೆ ಕೂತವನಿಗೆ ತಲೆಯ ಮೇಲೆ ಏನೂ ಇಲ್ಲದೆ ಎಲ್ಲಿಗಾದರೂ ಹೋಗಬೇಕು ಅನ್ನಿಸಿತ್ತು.

ಇಂಥ ಕಾರಿನ ಗಾಜಿನ ಪಾಡು ಬೇರೆ. ಬೇರೆ ಕಾರುಗಳಲ್ಲಿ ಬಾಗಿಲಿಗೆ ಮೇಲಿನವರೆಗೂ ಚೌಕಟ್ಟು ಇರುತ್ತದೆ. ಗಾಜು ಅದರೊಳಗೆ ಸರಿದುಕೊಂಡು ಹೋಗಿ ನಿಂತರೆ ಮುಗಿಯಿತು. ಇಲ್ಲಿ ಚೌಕಟ್ಟೇ ಇಲ್ಲ. ಗಾಜು ಆಸರೆಯಿಲ್ಲದೆ ಎದ್ದು ನಿಂತು, ಮೇಲ್ಚಾವಣಿಯ ಅಂಚಿನ ರಬ್ಬರಿಗೆ ತಾನೇ ಹೋಗಿ ಒತ್ತಿಕೊಳ್ಳಬೇಕು. ಹಿಂದಿನ ಸೀಟಿನ ಪಕ್ಕದ ಪುಟ್ಟ ಗಾಜಿಗೂ ಅಂಟಿಕೊಳ್ಳಬೇಕು. ಸ್ವಲ್ಪ ಹೊರಗೆ ವಾಲಿದರೆ ಗಾಳಿ ನುಗ್ಗುತ್ತದೆ, ಒಳಗೆ ವಾಲಿದರೆ ಬಾಗಿಲೇ ಮುಚ್ಚುವುದಿಲ್ಲ.

ನಮ್ಮ ಗಡಿಸೀಮೆಯಲ್ಲಿ ಈ ಒಂದು ವಸ್ತುವಿಗೆ ನಾಲ್ಕು ಹೆಸರು. ನನ್ನ ಹೆಂಡತಿ ಸಾವಿತ್ರಿ 'ಗ್ಲಾಸು' ಅನ್ನುತ್ತಾಳೆ. ನಾರಾಯಣಪೇಟೆಯ ಮೆಕ್ಯಾನಿಕ್ 'ಶೀಶಾ' ಅನ್ನುತ್ತಾನೆ. ರಸ್ತೆಯಲ್ಲಿ ಹೋಗುವವರು ನಿಂತು, "ಅದ್ದಂ ಸರಿಗಾ ಲೇದು ಸಾರ್" ಎಂದು ತೆಲುಗಿನಲ್ಲಿ ಎಚ್ಚರಿಸುತ್ತಾರೆ. ನಾನು ಕನ್ನಡ ಮೇಷ್ಟ್ರಾದ್ದರಿಂದ ಹಟಕ್ಕೆ 'ಗಾಜು' ಎಂದೇ ಹೇಳುತ್ತೇನೆ. ಯಾವ ಭಾಷೆಯಲ್ಲಿ ಕರೆದರೂ ಅದು ಮಾತ್ರ ಸರಿಯಾಗಿ ನಿಲ್ಲುತ್ತಿರಲಿಲ್ಲ.

ಇದನ್ನೆಲ್ಲ ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ಹೋದ ವರ್ಷ ಸಾವಿತ್ರಿಗೆ ಎಡಗಿವಿಯ ಆಪರೇಷನ್ ಆಗಿತ್ತು. ಕಿವಿಗೆ ಗಾಳಿ ಬಡಿಯಬಾರದು ಎಂದು ಡಾಕ್ಟರು ಹೇಳಿದ್ದರು. ಹತ್ತಿ ಇಟ್ಟುಕೊಂಡು, ಮೇಲೆ ಸ್ಕಾರ್ಫು ಕಟ್ಟಿಕೊಂಡು ಅವಳು ನನ್ನ ಪಕ್ಕದಲ್ಲಿ ಒಮ್ಮೆ ನಾರಾಯಣಪೇಟೆಯವರೆಗೆ ಬಂದಳು. ದಾರಿಯುದ್ದಕ್ಕೂ ಆ ಸಂದಿನಿಂದ ಸಣ್ಣ ಸೀಟಿಯ ಹಾಗೆ ಗಾಳಿ ಕೂಗುತ್ತಿತ್ತು, ಸರಿಯಾಗಿ ಅವಳ ಕಿವಿಯ ನೇರಕ್ಕೆ. ಇಳಿದವಳು ಸ್ಕಾರ್ಫು ಬಿಚ್ಚುತ್ತ, "ಇನ್ನ ನೀವು ಒಬ್ರೇ ಬರ್ರಿ. ನಾ ಬಸ್ಸಿಗೆ ಬರ್ತೀನಿ" ಅಂದಳು. ಸಿಟ್ಟಿನಿಂದ ಅಂದಿದ್ದರೆ ಜಗಳವಾಡಬಹುದಿತ್ತು. ಅವಳು ನನ್ನ ಮೇಲೆ ಮರುಕಪಟ್ಟು ಅಂದಿದ್ದಳು.

ನಾರಾಯಣಪೇಟೆಯ ಮೆಕ್ಯಾನಿಕ್ ದಪ್ಪ ರಬ್ಬರು ಹಾಕಿ ಕಳಿಸಿದ. ಗಾಜು ಆ ದಪ್ಪ ರಬ್ಬರಿಗೆ ತಗುಲಿ ಇನ್ನೂ ಕೆಳಗೇ ನಿಂತುಬಿಟ್ಟಿತು. ಆಮೇಲೆ ಮೊಬೈಲಿನಲ್ಲಿ ವೀಡಿಯೋ ನೋಡಿ ನಾನೇ ಬಾಗಿಲಿನ ಒಳಹೊದಿಕೆ ಬಿಚ್ಚಿದೆ. ಗಾಜು ಕೂತಿರುವ ಪಟ್ಟಿ, ಅದನ್ನು ಹಿಡಿದ ಬೋಲ್ಟುಗಳು, ಏರಿಸಿ ಇಳಿಸುವ ಹಲ್ಲಿನ ಚಕ್ರ ಎಲ್ಲ ಕಂಡವು. ವೀಡಿಯೋದವನು ಎರಡು ಬೋಲ್ಟು ಸಡಿಲಿಸಿದ, ನಾನು ಐದು ಸಡಿಲಿಸಿದೆ. ಅದರಲ್ಲೊಂದು ಬಾಗಿಲಿನ ಹೊಟ್ಟೆಯೊಳಗೆ ಬಿದ್ದು ಇವತ್ತಿಗೂ ತಿರುವಿನಲ್ಲಿ ಗಲಗಲ ಅನ್ನುತ್ತದೆ.

ಹೀಗಿರುವಾಗ ಒಂದು ಭಾನುವಾರ ನಾವಿಬ್ಬರೂ ಗದ್ವಾಲಕ್ಕೆ ಹೊರಟೆವು, ಅವಳು ಬಸ್ಸಿನಲ್ಲಿ, ನಾನು ಕಾರಿನಲ್ಲಿ. ಅಲ್ಲಿ ಸಾವಿತ್ರಿಯ ಅಣ್ಣ ನಾಗಪ್ಪ ಭಾವನ ಮನೆ. ಭಾವ ನಲವತ್ತು ವರ್ಷ ಮಗ್ಗದ ಮೇಲೆ ಕೂತವರು. ಗದ್ವಾಲ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಕೂಡಿಸುವ ಕಡೆ ಒಂದು ಎಳೆ ತಪ್ಪಿದರೂ ಮಾರು ದೂರದಿಂದ ಹೇಳುತ್ತಿದ್ದವರು. ಎಂಟು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆದಿತ್ತು. ಜೀವಕ್ಕೇನೂ ಆಗಲಿಲ್ಲ. ಬಲಗೈ ನಡುಗುತ್ತಿತ್ತು, ಬಾಯಿ ಒಂದು ಕಡೆ ಕೊಂಚ ಸೊಟ್ಟಗಾಗಿತ್ತು. ಅಂದಿನಿಂದ ಅವರು ಗೇಟು ದಾಟಿರಲಿಲ್ಲ. ಯಾರಾದರೂ ಮಾತಾಡಿಸಲು ಬಂದರೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಮಗ್ಗದ ಮೇಲೆ ಹಳೆಯ ಚಾದರ ಹೊದಿಸಿ ಇಟ್ಟಿದ್ದರು.

ನನಗಿಂತ ಮೊದಲೇ ಬಸ್ಸು ಮುಟ್ಟಿತ್ತು. ನಾನು ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದಾಗ ಭಾವನ ಹೆಂಡತಿ ಅನಸೂಯಕ್ಕ ಬಾಗಿಲಲ್ಲೇ ನಿಂತು, "ಗಂಡ ಹೆಂಡತಿ ಬ್ಯಾರೆ ಬ್ಯಾರೆ ಬಂದೀರಲ್ಲ, ಜಗಳಾಡೀರೇನ್ರಿ?" ಎಂದು ಕೇಳಿದಳು. ಸಾವಿತ್ರಿ ಕಿವಿಯ ಕಥೆ, ಗಾಜಿನ ಕಥೆ ಎಲ್ಲ ಹೇಳಿದಳು. ಪಡಸಾಲೆಯ ಮಂಚದ ಮೇಲೆ ಭಾವ ಗೋಡೆಗೆ ಮುಖ ಮಾಡಿಯೇ ಮಲಗಿದ್ದರು.

ಊಟಕ್ಕೆ ಇನ್ನೂ ಹೊತ್ತಿತ್ತು. ನಾನು ಅಂಗಳದಲ್ಲಿ ಮತ್ತೆ ಬಾಗಿಲು ಬಿಚ್ಚಿಕೊಂಡು ಕೂತೆ. ಗಾಜನ್ನು ಮೇಲೆತ್ತಿ ಒಂದು ಬೋಲ್ಟು ಬಿಗಿ ಮಾಡಿದೆ. ಅದು ಒಳಗೆ ವಾಲಿತು. ಬಾಗಿಲು ಹಾಕಿದರೆ ಗಾಜು ಚಾವಣಿಯ ಅಂಚಿಗೆ ಹೊಡೆದು ಧಡ್ ಎಂದು ವಾಪಸು ಬಂತು. ಇನ್ನೊಂದು ಬೋಲ್ಟು ತಿರುಗಿಸಿ ಹಾಕಿದೆ. ಮತ್ತೆ ಧಡ್. ನಾಲ್ಕನೆಯ ಸಲಕ್ಕೋ ಐದನೆಯದಕ್ಕೋ ಹಿಂದಿನಿಂದ ಒಂದು ದನಿ ಬಂತು.

"ಗ್ಲಾಸಿನ ಜೀವ ಯಾಕ ತಿಂತೀರಿ ಮಾಸ್ತರ್ರ? ಬಾಗಲಾ ಎಲ್ಲಿ ಒಯ್ದರ ಅದು ಅಲ್ಲಿ ಹೋಗತೈತಿ."

ತಿರುಗಿ ನೋಡಿದೆ. ಭಾವ ಕಂಬ ಹಿಡಿದು ನಿಂತಿದ್ದರು. ಮಾತು ತೊದಲುತ್ತಿತ್ತು, ಆದರೆ ಪೂರ್ತಿಯಾಗಿತ್ತು. ಅಡುಗೆಮನೆಯಿಂದ ಅನಸೂಯಕ್ಕ ಜರಡಿ ಹಿಡಿದುಕೊಂಡೇ ಹೊರಗೆ ಬಂದು ನಿಂತಳು. ಎಂಟು ತಿಂಗಳಲ್ಲಿ ಅಷ್ಟುದ್ದದ ಮಾತು ಅವರ ಬಾಯಿಂದ ಬಂದಿರಲಿಲ್ಲ ಎಂದು ಆಮೇಲೆ ಹೇಳಿದಳು. ನನ್ನ ದಡ್ಡತನ ಒಬ್ಬರ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

"ಬಾಗಲಾ ತೆಗದು ತುದಿ ಹಿಡದು ಎತ್ತರಿ," ಅಂದರು. ಎತ್ತಿದೆ. ಇಡೀ ಬಾಗಿಲು ಒಂದು ಬೆರಳಷ್ಟು ಮೇಲೆ ಬಂತು. "ಇಳದೈತಿ ನೋಡ್ರಿ. ಇದರ ಮ್ಯಾಲ ಮಂದಿ ಕುಂತಾರ." ನನಗೆ ಆಗ ಹೊಳೆಯಿತು. ಎಷ್ಟು ಮೆರವಣಿಗೆಗಳಲ್ಲಿ ಮದುಮಗನ ಗೆಳೆಯರು ಆ ಬಾಗಿಲಿನ ಮೇಲೇರಿ ಕೂತು ಕುಣಿದಿದ್ದರೋ. ಕೀಲುಗಳು ಸವೆದು ಬಾಗಿಲು ಜೋತುಬಿದ್ದಿತ್ತು. ನಾನು ಮೂರು ತಿಂಗಳಿಂದ ಏನೂ ತಪ್ಪು ಮಾಡದ ಗಾಜನ್ನು ಬಯ್ಯುತ್ತಿದ್ದೆ.

ಭಾವ ಮುಂದೆ ಬಂದು ಬೋಲ್ಟು ತಿರುಗಿಸುವ ಪಾನಾ ತೆಗೆದುಕೊಂಡರು. ಬೋಲ್ಟಿಗೆ ಕೂಡಿಸಲು ಹೋದರೆ ಕೈ ನಡುಗಿ ತಪ್ಪಿತು. ಮತ್ತೆ ಹಿಡಿದರು. ಪಾನಾ ಜಾರಿ ಕಲ್ಲಿನ ಮೇಲೆ ಬಿತ್ತು. ಅವರು ಅದನ್ನು ನೋಡಿದರು, ನಮ್ಮನ್ನು ನೋಡಲಿಲ್ಲ. ಒಳಗೆ ಹೋಗಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಅಂಥ ಹೊತ್ತಿನಲ್ಲಿ ನನಗೆ ಸಮಾಧಾನದ ಮಾತುಗಳೆಲ್ಲ ಶಾಲೆಯ ಬೀಳ್ಕೊಡುಗೆ ಭಾಷಣದ ಹಾಗೆ ಬಾಯಿಗೆ ಬರುತ್ತವೆ. ಸಾವಿತ್ರಿ ಮಾತ್ರ ಮಂಚದ ತುದಿಯಲ್ಲಿ ಕೂತು ಮೆಲ್ಲಗೆ ಅಂದಳು, "ಅಣ್ಣಾ, ನೀ ಎದ್ದು ಬರಲಿಲ್ಲಂದ್ರ ಇವರು ಸಂಜಿತನಕ ಬಾಗಲಾ ಬಡೀತಾರ. ಕೈ ಇವರವು ಅದಾವು. ತಲಿ ನಿಂದು ಇರ್ಲಿ. ನಾ ಇನ್ನ ಎಷ್ಟು ದಿನಾ ಒಬ್ಬಾಕಿನೇ ಬಸ್ಸಿಗೆ ಬರ್ಲಿ?"

ಭಾವ ಮಂಚದಿಂದ ಏಳಲಿಲ್ಲ. ನಾನು ಹೊರಗೆ ಹೋಗಿ ಇನ್ನೊಂದು ಸಲ ಬಾಗಿಲು ಹಾಕಿದೆ, ಬೇಕೆಂದೇ ಸ್ವಲ್ಪ ಜೋರಾಗಿ. ಅವರು ಎದ್ದು ಬಂದರು.

ಆ ದಿನ ನಾವು ಅಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ಸವೆದ ಕೀಲಿನ ಪಿನ್ನುಗಳನ್ನು ಒಯ್ದು ಲೇಥ್ ಯಂತ್ರದವನ ಹತ್ತಿರ ಹೊಸವು ಮಾಡಿಸಿ ತಂದೆ. ಬಾಗಿಲು ಎದ್ದು ನಿಂತಿತು. ಭಾವ ಕುರ್ಚಿ ಹಾಕಿಸಿಕೊಂಡು ಕೂತು ಅಪ್ಪಣೆ ಕೊಡುತ್ತ ಹೋದರು. ಮೊದಲು ಹಿಂದಿನ ಪುಟ್ಟ ಗಾಜನ್ನು ಚಾವಣಿಗೆ ಸರಿಮಾಡಬೇಕು, ಆಮೇಲೆ ಮುಂದಿನದನ್ನು ಅದಕ್ಕೆ ಹೊಂದಿಸಬೇಕು. ನಾನು ಅವಸರದಿಂದ ಮುಂದಿನದಕ್ಕೆ ಕೈ ಹಾಕಿದಾಗಲೆಲ್ಲ, "ಅದಕ್ಕ ಇನ್ನ ಪಾಳಿ ಬಂದಿಲ್ರಿ" ಎಂದು ಗದರುತ್ತಿದ್ದರು. ಮೂವತ್ತು ವರ್ಷ ಬೇರೆಯವರನ್ನು ಗದರಿದವನಿಗೆ ಗದರಿಸಿಕೊಳ್ಳುವುದರಲ್ಲೂ ಒಂದು ಸುಖವಿದೆ ಎಂದು ತಿಳಿಯಿತು. ತಪ್ಪು ನಮ್ಮದಾದರೂ ಮುಂದಿನ ದಾರಿ ಇನ್ನೊಬ್ಬರಿಗೆ ಗೊತ್ತಿರುತ್ತದಲ್ಲ.

ಗಾಜು ಎಲ್ಲಿ ಒತ್ತುತ್ತಿದೆ, ಎಲ್ಲಿ ಬಿಟ್ಟಿದೆ ಎಂದು ನೋಡಲು ಅವರು ಒಳಗಿನಿಂದ ರೇಷ್ಮೆ ಎಳೆ ಸುತ್ತಿದ ಒಂದು ಕಂಡಿಕೆ ತರಿಸಿದರು. ಎಳೆಯನ್ನು ರಬ್ಬರಿಗೂ ಗಾಜಿಗೂ ನಡುವೆ ಇಟ್ಟು ಬಾಗಿಲು ಹಾಕುವುದು, ಆಮೇಲೆ ಅದನ್ನು ಎಳೆಯುವುದು. ಸರಕ್ಕನೆ ಬಂದರೆ ಅಲ್ಲಿ ಸಂದಿದೆ. ತಡೆದು ಬಂದರೆ ಸರಿ. ಎಳೆ ಎಳೆಯುವ ಕೆಲಸ ಮಾತ್ರ ಅವರು ನನಗೆ ಕೊಡಲಿಲ್ಲ. ಎಡಗೈಯ ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ, ತಾವೇ ಎಳೆದು ನೋಡುತ್ತಿದ್ದರು. "ಇಲ್ಲಿ ಅರ್ಧ ಸುತ್ತು ಬಿಗೀರಿ." ಬಿಗಿಯುತ್ತಿದ್ದೆ. "ಭಾಳ ಆತು, ಕಾಲು ಸುತ್ತು ಬಿಡ್ರಿ." ಬಿಡುತ್ತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಸಾವಿತ್ರಿ ಒಳಗೆ ಕೂತಳು, ಅನಸೂಯಕ್ಕ ಕೊಡದಿಂದ ಗಾಜಿನ ಮೇಲೆ ನೀರು ಸುರಿದಳು. ಒಂದು ಹನಿಯೂ ಒಳಗೆ ಬರಲಿಲ್ಲ. ಹಿಂದಿನ ಮೂಲೆಯಲ್ಲಿ ಮಾತ್ರ ಎಳೆ ಕೊಂಚ ಸಲೀಸಾಗಿ ಬರುತ್ತಿತ್ತು. ಅದನ್ನೂ ಸರಿಮಾಡೋಣ ಎಂದೆ. ಭಾವ ತಲೆ ಅಲ್ಲಾಡಿಸಿದರು. "ಅದು ಅಷ್ಟ ಇರ್ಲಿ ಬಿಡ್ರಿ. ಅದನ್ನ ಎಳಿಯಾಕ ಹೋದ್ರ ಮುಂದಿಂದು ಬಿಡತೈತಿ. ಎಲ್ಲಿಗೆ ಸಾಕು ಅನ್ನೋದು ಗೊತ್ತಿರಬೇಕು." ಹಾಗೆಂದು ತಮ್ಮ ಬಲಗೈಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು.

ಸಂಜೆ ಅವರನ್ನು ಜುರಾಲ ಅಣೆಕಟ್ಟಿನವರೆಗೆ ಕರೆದೆ. ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. "ಮ್ಯಾಲಿನ ಬಟ್ಟಿ ತೆಗಿಯಬ್ಯಾಡ್ರಿ, ಗ್ಲಾಸ್ ಇಳಸಬ್ಯಾಡ್ರಿ" ಎಂದು ಕರಾರು ಹಾಕಿ ನನ್ನ ಪಕ್ಕದಲ್ಲಿ ಕೂತರು. ಹೆಂಗಸರಿಬ್ಬರೂ ಹಿಂದೆ. ಊರಿನ ಬೀದಿಗಳಲ್ಲಿ ಅವರು ಟವೆಲನ್ನು ಬಾಯಿ ಮುಚ್ಚುವಂತೆ ಎಳೆದುಕೊಂಡಿದ್ದರು. ಕಾರಿನೊಳಗೆ ಮೊದಲ ಸಲ ಗಾಳಿಯ ಸೀಟಿ ಇರಲಿಲ್ಲ. ಹಿಂದೆ ಸಾವಿತ್ರಿ ಸ್ಕಾರ್ಫು ಬಿಚ್ಚುವುದು ಕನ್ನಡಿಯಲ್ಲಿ ಕಂಡಿತು.

ಅಣೆಕಟ್ಟಿನ ಹತ್ತಿರ, ಮೀನು ಕರಿಯುವ ಅಂಗಡಿಗಳ ಸಾಲಿನಲ್ಲಿ ನಿಲ್ಲಿಸಿದೆ. ಒಬ್ಬ ಹಿರಿಯ ಅಂಗಡಿಯವನು ಕಾರನ್ನು ನೋಡಲು ಬಂದು ಬಗ್ಗಿ ಗಾಜಿನೊಳಗೆ ಇಣುಕಿದ. ಅವನ ಮುಖ ಅರಳಿತು. ಭಾವನನ್ನು ನೋಡಿ ಏನೋ ಕೇಳಿದ. ತುಟಿ ಆಡುವುದು ಕಾಣುತ್ತಿತ್ತೇ ಹೊರತು ನಮಗೆ ಏನೂ ಕೇಳಿಸಲಿಲ್ಲ. ಗಾಜು ಅಷ್ಟು ಚೆನ್ನಾಗಿ ಮುಚ್ಚಿತ್ತು. ಅವನು ಬೆರಳಿನಿಂದ ಗಾಜು ತಟ್ಟಿ ಮತ್ತೆ ಕೇಳಿದ.

ಭಾವ ಮುಖ ತಿರುಗಿಸುತ್ತಾರೆ ಎಂದುಕೊಂಡೆ. ಅವರು ಟವೆಲು ಕೆಳಗಿಟ್ಟರು. ಎಡಗೈಯಿಂದ ಗಾಜು ಇಳಿಸುವ ಹಿಡಿಕೆ ಹಿಡಿದು, ತಡೆತಡೆದು, ಒಂದೊಂದೇ ಸುತ್ತು ತಿರುಗಿಸಿದರು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಗಾಜು ಎಲ್ಲೂ ಸಿಕ್ಕಿಕೊಳ್ಳದೆ ನೇರವಾಗಿ ಇಳಿಯಿತು. ಹೊಳೆಯ ಗಾಳಿ ಒಳಗೆ ಬಂತು.

"ನಾಗಪ್ಪಣ್ಣಾ, ಎಷ್ಟು ದಿನಾ ಆತು ನಿಮ್ಮನ್ನ ನೋಡಿ," ಅಂದ ಅಂಗಡಿಯವನು. ಸೊಟ್ಟಗಾದ ಬಾಯಿಯನ್ನು ಅವನು ನೋಡಿದ್ದು ನಿಜ, ಆದರೆ ಅವನ ಕಣ್ಣು ಅಲ್ಲಿ ನಿಲ್ಲಲಿಲ್ಲ. "ಗಾಡಿ ಯಾರದು?"

"ನಮ್ಮ ಮಾಸ್ತರ್ರದು," ಅಂದರು ಭಾವ. ಆಮೇಲೆ "ಗ್ಲಾಸ್ ಸರಿ ಇರಲಿಲ್ಲ. ನಾ ಮಾಡೀನಿ" ಎಂದು ಸೇರಿಸಿದರು.

ನನ್ನ ಎರಡೂ ಅಂಗೈಗಳು ಬೊಬ್ಬೆ ಎದ್ದು ಉರಿಯುತ್ತಿದ್ದವು. ಅವನ್ನು ಸ್ಟಿಯರಿಂಗಿನ ಮೇಲೆ ಮಗುಚಿಟ್ಟು, "ಹೌದ್ರಿ, ಇವರೇ ಮಾಡ್ಯಾರ" ಅಂದೆ. ಮಕ್ಕಳಿಗೆ ಕರ್ತೃಪದ ಯಾವುದು, ಕ್ರಿಯಾಪದ ಯಾವುದು ಎಂದು ಜೀವಮಾನವಿಡೀ ಕಲಿಸಿದವನು ನಾನು. ಆ ವಾಕ್ಯದಲ್ಲಿ ವ್ಯಾಕರಣದ ತಪ್ಪೇನೂ ಇರಲಿಲ್ಲ.