ಎರಡನೆಯ ಹಾಜರಿ

ಇಷ್ಟಲಿಂಗಪೂಜೆ ಮುಗಿಯುವ ಮುನ್ನ ಲೇಖನಿಯನ್ನಾಗಲಿ ಸೀಮೆಸುಣ್ಣವನ್ನಾಗಲಿ ಮುಟ್ಟಬಾರದೆಂಬುದು ನನ್ನ ತಂದೆಯವರು ಹಾಕಿಕೊಟ್ಟ ನಿಯಮ. ಅದನ್ನು ಒಂದು ದಿನವೂ ತಪ್ಪಿಸಿದವನಲ್ಲ. ಆದರೆ ತರಬೇತಿ ಶಾಲೆಯ ಸಭೆಗೆ ಹೊರಡಬೇಕಿದ್ದ ಬೆಳಿಗ್ಗೆ ಪೂಜೆಗೆ ಕುಳಿತಾಗ ಅಂಗೈಯ ಲಿಂಗದ ಮೇಲೆ ನನ್ನ ದೃಷ್ಟಿ ನಿಲ್ಲಲಿಲ್ಲ. ಮನಸ್ಸು ಒಂದು ಸ್ಲೇಟಿನ ಸುತ್ತ ಸುಳಿಯುತ್ತಿತ್ತು.

ನಾನು ಓದಿದ ಉದಕಮಂಡಲದ ಶಿಕ್ಷಕರ ತರಬೇತಿ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ, ಯಾರಿಗೆ ಅಕ್ಷರ ಎಟುಕದೋ ಅಂಥವರ ಮಕ್ಕಳಿಗಾಗಿ ದುಡಿದ ಒಬ್ಬ ಶಿಕ್ಷಕರನ್ನು ಗೌರವಿಸುತ್ತಿದ್ದರು. ಶಾಲು, ಹಾರಗಳಿಲ್ಲ. ಮರದ ಚೌಕಟ್ಟಿನ ದೊಡ್ಡ ಸ್ಲೇಟಿನ ಮೇಲೆ ಸಭೆಯ ಮುಂದೆಯೇ ಅವರ ಹೆಸರನ್ನು ತಮಿಳಿನಲ್ಲೂ ಕನ್ನಡದಲ್ಲೂ ಬರೆದು, ಬರೆದವರೇ ಆ ಗೌರವದ ಕಾರಣವನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ಆ ಸ್ಲೇಟು ಒಂದು ವರ್ಷ ಸಭಾಂಗಣದ ಗೋಡೆಯ ಮೇಲಿರುತ್ತಿತ್ತು. ನನ್ನ ಅಕ್ಷರ ಮುತ್ತಿನಂತಿದೆಯೆಂದು ಆ ಕೆಲಸ ಬಹುಕಾಲದಿಂದ ನನ್ನದೇ ಆಗಿತ್ತು. ಪ್ರತಿ ವರ್ಷವೂ ಅನ್ಯರ ಹೆಸರನ್ನು ಬರೆದು ಮನೆಗೆ ಬರುವಾಗ, ನನ್ನ ಹೆಸರಿನ ಸರದಿ ಬಂದರೆ ಇಷ್ಟು ಚೆನ್ನಾಗಿ ಬರೆಯುವವರು ಯಾರಿದ್ದಾರೆಂದು ಚಿಂತಿಸುತ್ತಿದ್ದೆ.

ನಾನು ನಿವೃತ್ತನಾದ ಮೂರನೆಯ ವರ್ಷ ಬಂದ ಕಾಗದದಲ್ಲಿ, ಹಿಂದೆ ನನ್ನ ಕೈಕೆಳಗೆ ಸಹಾಯಕ ಶಿಕ್ಷಕಿಯಾಗಿದ್ದವಳ ಹೆಸರಿತ್ತು.

"ಏನು ಮೇಷ್ಟ್ರೇ, ಮುಖ ಸುಟ್ಟ ಬದನೆಕಾಯಿ ಆಗ್ಯದೆ?" ಎಂದಳು ನನ್ನ ಮನೆಯವಳು.

"ಆ ಹುಡುಗಿಗೆ ಗೌರವವಂತೆ."

"ಯಾವಳು, ಎರಡು ಸಲ ಹಾಜರಿ ಕೂಗ್ತಿದ್ದಳಲ್ಲ, ಅವಳಾ? ಒಳ್ಳೇದೇ ಆಯ್ತು."

"ಒಳ್ಳೆಯದೇ. ಇನ್ನೂ ಕೊಂಚ ಅನುಭವ ಬೇಕಿತ್ತು."

"ವಿಭೂತಿ ಹಣೆಗೆ ಬಳ್ಕೊಂಡ್ರೆ ಸಾಲ್ದು. ಹೊಟ್ಟೆಗೂ ಒಂಚೂರು ಬಳ್ಕೊಳಿ, ಉರೀತಿರೋದು ಅಲ್ಲೇ."

ತೊಂಬತ್ತರ ದಶಕದ ನಡುವೆ ನಾನು ಮಸಿನಗುಡಿ ಕಡೆಯ ಒಂದು ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆ. ಅರ್ಧದಷ್ಟು ಮಕ್ಕಳು ಕಾಡಂಚಿನ ಹಾಡಿಗಳವರು. ಬೆಳಿಗ್ಗೆ ದಾರಿಯಲ್ಲಿ ಆನೆ ನಿಂತರೆ ಅವರು ಬರುವ ಹೊತ್ತಿಗೆ ಹತ್ತೂವರೆಯಾಗುತ್ತಿತ್ತು. ಅವರು ‘ತೇನು’ ಎನ್ನುವ ಜೇನಿನ ಕಾಲದಲ್ಲಂತೂ ಇಡೀ ಸಂಸಾರವೇ ಕಾಡಿನೊಳಕ್ಕೆ ಹೋಗುತ್ತಿತ್ತು. ಗಂಟೆ ಹೊಡೆದೊಡನೆ ಗೇಟು ಮುಚ್ಚಬೇಕು, ಹದಿನೈದು ದಿನ ಬಾರದವರ ಹೆಸರನ್ನು ಅಳತೆಪಟ್ಟಿಯಿಟ್ಟು ಕೆಂಪು ಶಾಯಿಯಲ್ಲಿ ಹೊಡೆದುಹಾಕಬೇಕು: ಇದು ನನ್ನ ಶಿಸ್ತು. ಹೊಡೆದ ಮೇಲೆ ಉಳಿದವರೆಲ್ಲ ದಿನವೂ ಬರುವವರೇ ಆದ್ದರಿಂದ ನನ್ನ ಹಾಜರಿ ಪುಸ್ತಕ ಸದಾ ತುಂಬಿರುತ್ತಿತ್ತು. ತಪಾಸಣೆಗೆ ಬಂದವರು ಅದನ್ನು ತೆರೆದು ತಲೆದೂಗುತ್ತಿದ್ದರು. ಆ ಹೊಗಳಿಕೆಯನ್ನು ನಾನು ಶಿವಪ್ರಸಾದವೆಂದೇ ಸ್ವೀಕರಿಸಿದೆ.

ಅಲ್ಲಿಗೆ ಆಕೆ ಬಂದಳು. ಗೂಡಲೂರಿನ ಕಡೆಯವಳು, ನಮ್ಮದೇ ತರಬೇತಿ ಶಾಲೆಯಿಂದ ಆಗತಾನೆ ಹೊರಬಂದವಳು.

"ಸಾರ್, ಹನ್ನೊಂದಕ್ಕೆ ಇನ್ನೊಂದು ಸಲ ಹಾಜರಿ ಕೂಗಲಾ?"

"ಶಾಲೆಯೇನು ಬಸ್ ಸ್ಟ್ಯಾಂಡೇನಮ್ಮಾ, ಬಂದಬಂದವರಿಗೆಲ್ಲ ಕೂಗುವುದಕ್ಕೆ?"

"ಆನೆಗೆ ನಮ್ಮ ಬೆಲ್ಲು ಕೇಳಲ್ವಲ್ಲ ಸಾರ್."

ಉಳಿದ ಶಿಕ್ಷಕರು ನಕ್ಕರು. ನಾನು ನಗಲಿಲ್ಲ.

ಆಕೆ ಗೇಟಿನ ಬಳಿ ನಿಂತು ತಡವಾದವರನ್ನು ತಾನೇ ಒಳಗೆ ಕರೆತಂದು, ಪುಸ್ತಕವಿಲ್ಲದೆ ಬಾಯಲ್ಲೇ ಎರಡನೆಯ ಹಾಜರಿ ಕೂಗತೊಡಗಿದಳು. ನಾನು ಹೊಡೆದುಹಾಕಿದ ಹೆಸರುಗಳನ್ನೂ ಕೂಗುತ್ತಿದ್ದಳು. ಬಾರದವರ ಪರವಾಗಿ ತರಗತಿಯೇ ಉತ್ತರ ಕೊಡಬೇಕು. ನಡುಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು.

"ತೇನಿಗೆ ಹೋಗವನೆ ಟೀಚರ್!"

"ಅವಳ ತಮ್ಮಂಗೆ ಜ್ವರ, ಎತ್ಕೊಂಡು ಕೂತವಳೆ!"

"ಇಲ್ಲೇ ಅವನೆ ಟೀಚರ್, ಬೇಲಿ ಆಚೆ ನಿಂತು ನೋಡ್ತಾವನೆ!"

ಒಡನೆಯೇ ಇಡೀ ತರಗತಿ ನಗುತ್ತಿತ್ತು, ಬೇಲಿಯಾಚೆಯವನು ತಲೆ ಕೆರೆದುಕೊಳ್ಳುತ್ತ ಒಳಗೆ ಬರುತ್ತಿದ್ದ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಛಂದಸ್ಸುಗಳನ್ನು ಕಲಿತ ನನ್ನ ತರಗತಿಗೆ ಹೀಗೆ ಕರೆಯದೆ ಬಂದು ನಿಂತವರು ಒಬ್ಬರೂ ಇರಲಿಲ್ಲ. ನನ್ನ ಅಸೂಯೆ ಹುಟ್ಟಿದ್ದು ಆ ನಗೆಯಿಂದ. ಅದಕ್ಕೆ ನಾನು ಇಟ್ಟ ಹೆಸರು ಮಾತ್ರ ನಿಯಮಪಾಲನೆ. ಎರಡನೆಯ ಹಾಜರಿ ಕೂಡದೆಂದು ಲಿಖಿತ ಆಜ್ಞೆ ಹೊರಡಿಸಿದೆ. ಆಕೆ ಮಾವನಲ್ಲ ಎಂಬ ಊರಿನ ಕಡೆಯ ಒಂದು ಏಕೋಪಾಧ್ಯಾಯ ಶಾಲೆಗೆ ವರ್ಗ ಕೇಳಿದಳು. ಅರ್ಜಿಗೆ ಅಂದೇ ಶಿಫಾರಸು ಬರೆದೆ. ಅಷ್ಟು ತ್ವರೆಯಿಂದ ನಾನು ಯಾರಿಗೂ ಉಪಕಾರ ಮಾಡಿದ್ದಿಲ್ಲ.

ಸಭೆಯ ದಿನಕ್ಕೆಂದು ನಾಲ್ಕು ವಾಕ್ಯ ಸಿದ್ಧಪಡಿಸಿದ್ದೆ. ತ್ಯಾಗ, ವಾತ್ಸಲ್ಯ, ಜ್ಞಾನದೀಪ ಎಲ್ಲವೂ ಅವುಗಳಲ್ಲಿದ್ದವು. ಎರಡನೆಯ ಹಾಜರಿಯ ಮಾತು ಇರಲಿಲ್ಲ. ಆಕೆಗೆ ಗೌರವ ಸಲ್ಲುತ್ತಿದ್ದುದು ಅದೊಂದಕ್ಕೇ ಎಂಬುದನ್ನು ಆ ಸಭೆಯಲ್ಲಿ ಸರಿಯಾಗಿ ಬಲ್ಲವನು ನಾನೇ. ಅದನ್ನು ಹೇಳಿದರೆ ಕೆಂಪು ಶಾಯಿಯನ್ನೂ ಹೇಳಬೇಕಾಗುತ್ತಿತ್ತು.

ವೇದಿಕೆಯ ಪಕ್ಕದಲ್ಲಿ ತರಬೇತಿ ಶಾಲೆಯ ವಿದ್ಯಾರ್ಥಿನಿಯೊಬ್ಬಳು ಸ್ಲೇಟನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು.

"ಸಾರ್, ನಿಮ್ಮ ಅಕ್ಷರ ನಂಗೆ ಗೊತ್ತು. ಒಂದನೇ ಕ್ಲಾಸಲ್ಲಿ ಬೋರ್ಡ್ ಮೇಲೆ ನೋಡಿದ್ದೆ. ಜಾಸ್ತಿ ದಿನ ನೋಡಕ್ಕಾಗಲಿಲ್ಲ."

"ಏಕಮ್ಮಾ?"

"ತೇನು ಮುಗಿಸಿ ಬಂದಾಗ ನನ್ನ ಹೆಸರೇ ಇರಲಿಲ್ಲ. ಆಮೇಲೆ ಟೀಚರ್ ಮಾವನಲ್ಲಕ್ಕೆ ಬಂದು, ಹಾಡೀಗೇ ಬಂದು ಕೂಗಿದ್ರು." ಹುಡುಗಿ ನಕ್ಕಳು. ನಗುವಿನಲ್ಲಿ ಮೊನೆಯೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೆಸರು ಬರೆದೆ. ಅಕ್ಷರ ವಾಡಿಕೆಗಿಂತ ಚಿಕ್ಕದಾಗಿ ಬಂತು. ಚಿಕ್ಕದಾದದ್ದು ವಯಸ್ಸಿನಿಂದಲ್ಲ, ನನ್ನಿಂದ. ಸಭೆಯತ್ತ ತಿರುಗಿದಾಗ ಸಿದ್ಧವಾಕ್ಯಗಳು ನಾಲಗೆಗೆ ಬರಲಿಲ್ಲ. "ನಾನು ಹೊಡೆದುಹಾಕಿದ ಹೆಸರುಗಳನ್ನು ಈಕೆ ಕೂಗಿದಳು. ಕೂಗಬೇಡವೆಂದು ಆಜ್ಞೆ ಬರೆದವನೂ ನಾನೇ," ಎಂದೆ.

ಚಪ್ಪಾಳೆಯಾಯಿತು. ಹಿರಿಯರ ಮನಸ್ಸು ದೊಡ್ಡದೆಂದು ಮುಂದಿನ ಸಾಲಿನಲ್ಲಿ ಯಾರೋ ಅಂದರು. ಹೇಳಲು ನಾಚಿಕೆಯಾಗುತ್ತದೆ, ಆ ಮಾತು ನನಗೆ ಸವಿಯಾಯಿತು. ಆಕೆ ಎದ್ದು ನಿಂತಾಗ, ಅವಳಿಗೆ ಬಿದ್ದ ಚಪ್ಪಾಳೆ ನನ್ನದಕ್ಕಿಂತ ಹೆಚ್ಚೋ ಎಂದು ಕಿವಿಗೊಟ್ಟೆ. ಹೆಚ್ಚೇ ಇತ್ತು.

ಆಕೆ ಭಾಷಣ ಮಾಡಲಿಲ್ಲ. "ಸಾರ್ ಹೇಳಿದ್ರಲ್ಲ, ಆ ಹೆಸರುಗಳನ್ನೇ ಒಂದು ಸಲ ಕೂಗ್ತೀನಿ," ಎಂದು, ಚೀಟಿಯಿಲ್ಲದೆ ಒಂದೊಂದಾಗಿ ಕೂಗಿದಳು. ಸ್ಲೇಟು ಒರೆಸಿದವಳು ನಿಂತಲ್ಲಿಂದಲೇ ಉತ್ತರ ಕೊಟ್ಟಳು.

"ಫಾರೆಸ್ಟಲ್ಲಿ ಕೂಲಿ, ಟೀಚರ್."

"ಗೂಡಲೂರಲ್ಲಿ ಜೀಪು ಓಡಿಸ್ತವನೆ."

"ತೀರಿಹೋದ, ಟೀಚರ್."

ಕೊನೆಯದಾಗಿ ಅವಳ ಹೆಸರೇ ಬಂತು. "ಬಂದಿದ್ದೀನಿ ಟೀಚರ್," ಎಂದಳು.

ಮನೆಗೆ ಬಂದಾಗ, "ಆರಿತಾ ಉರಿ?" ಎಂದು ಮನೆಯವಳು ಕೇಳಿದಳು.

ಮರುದಿನ ಪೂಜೆಯ ಕಡೆಯಲ್ಲಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೇ ಆ ಹೆಸರುಗಳನ್ನು ನಾನೂ ಒಮ್ಮೆ ಉಚ್ಚರಿಸಬೇಕೆನಿಸಿತು. ಎರಡು ನೆನಪಾದವು. ಮೂರನೆಯದಕ್ಕೆ ತಡಕಾಡಿದೆ. ಕೆಂಪು ಗೆರೆಗಳು ಕಣ್ಣಿಗೆ ಕಟ್ಟಿದಂತಿದ್ದವು, ಗೆರೆಯ ಕೆಳಗಿನ ಅಕ್ಷರ ತೋರಲಿಲ್ಲ. ಆಕೆಗೆ ಅವೆಲ್ಲವೂ ಬಾಯಿಪಾಠ. ಸ್ಲೇಟಿನ ಮೇಲಿನ ಆಸೆ ಅಂದಿಗೇ ಹೋಯಿತು. ಆಕೆಯ ಆ ನೆನಪಿನ ಮೇಲಿನ ಅಸೂಯೆ ಹೋಗಿಲ್ಲ. ಈಗಲೂ ದಿನವೂ ಪೂಜೆಯ ಕೊನೆಗೆ, ನೆನಪಾದ ಆ ಎರಡನ್ನು ಹೇಳಿ, ಮೂರನೆಯದಕ್ಕಾಗಿ ಸ್ವಲ್ಪ ಹೊತ್ತು ಕುಳಿತಿರುತ್ತೇನೆ.